ಕತ್ತಿನೊಳಗಿನ ಸುತ್ತು

ತಾರೀಖು 4, ಬೆಳಿಗ್ಗೆ

ಇಂದು ಒಪ್ಪೊತ್ತು. ನೀರು ಹಿಡಿದೆ, ಮೆಟ್ಟಿಲು ತೊಳೆದೆ, ದೇವರಿಗೆ ದೀಪ ಹಚ್ಚಿದೆ. ಇವರಿಗೆ ಇನ್ನೂ ಕತ್ತು ನೋವು. ನಿನ್ನೆ ಇವರು ಓಡಿಸುತ್ತಿದ್ದ ಕಂಪನಿ ವ್ಯಾನ್ ಬ್ರೇಕ್ ಹಿಡಿಯದೆ ಕಂಬಕ್ಕೆ ಗುದ್ದಿತು. ಬ್ರೇಕ್ ಸರಿಯಿಲ್ಲವೆಂದು ಇವರು ಮೂರು ಸಲ ಬರೆದುಕೊಟ್ಟಿದ್ದರು. ಕತ್ತಿನ ಮೇಲೆ ಸೀಟ್ ಬೆಲ್ಟಿನ ಕೆಂಪು ಪಟ್ಟೆ. ಪಕ್ಕದಲ್ಲಿ ಕೂತಿದ್ದ ಸೂಪರ್‌ವೈಸರನಿಗೂ ಅಂಥದೇ ಪಟ್ಟೆ. ನಾನು ಸೆಂಟು ಸಾಹೇಬ ಎನ್ನುವುದು ಅವನನ್ನೇ — ಮೈಮೇಲೆ ಬಾಟಲಿ ಬಗ್ಗಿಸಿಕೊಂಡೇ ಮನೆ ಬಿಡುವವನು. ನಿನ್ನೆ ಸಂಜೆಯೇ ಬಾಗಿಲಲ್ಲಿ ನಿಂತು ಉಪದೇಶ ಮಾಡಿ ಹೋದ.

“ಆಸ್ಪತ್ರೆ ಗೀಸ್ಪತ್ರೆ ಬೇಡಮ್ಮ. ಹೋದ್ರೆ ರಿಪೋರ್ಟ್ ಬರೀಬೇಕಾಗುತ್ತೆ. ನಂಗೂ ಏಟು ಬಿದ್ದಿದೆ, ನೋಡಿ, ಕಲ್ಲಿನ ಹಾಗಿದೀನಿ. ಬಿಸಿ ಬಟ್ಟೆ ಇಡಿ, ಸಾಕು.”

ಇಟ್ಟೆ.

ತಾರೀಖು 5, ಸಂಜೆ

ಇವರ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಂತಿದೆ. ನಿದ್ದೆಗೆಟ್ಟದ್ದಕ್ಕೆ ಎಂದರು. ನಾನೂ ಹೌದೆಂದೆ. ಮತ್ತೆ ಬಿಸಿ ಬಟ್ಟೆ.

ತಾರೀಖು 9

ಬರೆಯಲು ಆಗಿರಲಿಲ್ಲ. ಆರನೇ ತಾರೀಖು ತಿಂಡಿ ಹೊತ್ತಿಗೆ ಇವರ ಬಲಗೈಯಿಂದ ಲೋಟ ಜಾರಿತು. ಏನಾಯ್ತು ಎಂದರೆ ನನ್ನ ಮುಖವನ್ನೇ ನೋಡಿದರು. ಮಾತು ಬರಲಿಲ್ಲ… ಈಗ ವಾರ್ಡಿನಲ್ಲಿ ಹನ್ನೊಂದನೇ ಮಂಚ. ಜೀವಕ್ಕೆ ಭಯವಿಲ್ಲವಂತೆ. ಕೈ, ನಾಲಗೆ — ಕಾದು ನೋಡಬೇಕಂತೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಚೀಟಿಯ ಹಿಂದೆ ಎರಡು ಗೆರೆ ಎಳೆದಳು.

“ನೋಡಿ ಅಮ್ಮ, ಕತ್ತಿನ ರಕ್ತನಾಳ ಸುಮಾರು ಜನಕ್ಕೆ ಹೀಗೆ ನೇರ ಇರುತ್ತೆ. ನಿಮ್ಮ ಯಜಮಾನರದು ಇಲ್ಲಿ ಸುತ್ತು ಹಾಕಿದೆ. ಮೊದಲಿಂದ್ಲೂ ಹಾಗೇ ಇದ್ದಿರಬೇಕು. ಕತ್ತು ಜಗ್ಗಿದಾಗ ಆ ತಿರುವಿಗೇ ಎಳೆತ ಬಿದ್ದು ಒಳಪದರ ಹರಿದಿದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿದೆ. ಎಡಗಣ್ಣಿನ ರೆಪ್ಪೆ ಇಳಿದದ್ದೂ ಆ ನಾಳ ಹರಿದದ್ದರ ಗುರುತೇ.”

“ಪಕ್ಕದಲ್ಲಿ ಕೂತಿದ್ದವನಿಗೆ ಏನೂ ಆಗ್ಲಿಲ್ವಲ್ಲ?”

“ಏಟು ಒಂದೇ ಇರಬಹುದು. ನಾಳ ಒಂದೇ ಥರ ಇರಬೇಕಲ್ಲ. ಅವತ್ತೇ ಕರ್ಕೊಂಡು ಬಂದಿದ್ರೆ ಹೆಪ್ಪುಗಟ್ಟದ ಹಾಗೆ ಔಷಧಿ ಕೊಡ್ತಿದ್ವಿ.”

ಆಮೇಲೆ ಅವಳು ಹೇಳಿದ್ದು ಕಿವಿಗೆ ಹೋಗಲಿಲ್ಲ. ದೇವರು ರೆಪ್ಪೆ ಇಳಿಸಿ ತೋರಿಸಿದ. ನಾನು ಸೆಂಟಿನವನ ಮಾತು ಕಟ್ಟಿಕೊಂಡು ಬಟ್ಟೆ ಕಾಯಿಸುತ್ತಿದ್ದೆ. ನನ್ನಂಥ ದಡ್ಡಿಗೆ ಐವತ್ತು ವರ್ಷ ಅನ್ನ ದಂಡ.

ತಾರೀಖು 12, ಮಧ್ಯಾಹ್ನ

ನಾದಿನಿ ಅಣ್ಣನನ್ನು ನೋಡಲು ಬಂದಳು. ರಕ್ತನಾಳದ ಸುತ್ತಿನ ವಿಷಯ ಹೇಳಿದೆ. “ನಮ್ಮ ವಂಶದಲ್ಲಿ ಯಾರಿಗೂ ಸೊಟ್ಟ ಅನ್ನೋದೇ ಇಲ್ಲ ಅತ್ತಿಗೆ,” ಎಂದಳು. “ನಾಲಗೆ ಲೆಕ್ಕಕ್ಕೆ ತಗೊಂಡ್ಯಾ?” ಎಂದೆ. ಮುಖ ಊದಿಸಿಕೊಂಡು ಹಣ್ಣು ಸುಲಿದಳು.

ಅಷ್ಟರಲ್ಲಿ ಸೆಂಟು ಸಾಹೇಬ. ಫಿನಾಯಿಲ್ ವಾಸನೆಯೇ ಎಷ್ಟೋ ಮೇಲು. ಕೈಯಲ್ಲಿ ಟೈಪು ಮಾಡಿಸಿದ ಕಾಗದ: ಚಾಲಕನಿಗೆ ಮೊದಲಿನಿಂದ ರಕ್ತನಾಳದ ದೋಷವಿತ್ತು, ಅದನ್ನು ಮುಚ್ಚಿಟ್ಟು ಕೆಲಸ ಮಾಡುತ್ತಿದ್ದ, ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಳಗೆ ನನ್ನ ಸಹಿಗೆ ಜಾಗ.

“ನಾಳ ಸೊಟ್ಟ ಅಂತ ಡಾಕ್ಟರೇ ಹೇಳಿದಾರಲ್ಲಮ್ಮ. ಕಂಪನಿ ಏನು ಮಾಡಕ್ಕಾಗುತ್ತೆ?”

“ಆ ಸೊಟ್ಟ ಇಟ್ಕೊಂಡೇ ಇಪ್ಪತ್ತೆರಡು ವರ್ಷ ನಿಮ್ಮನ್ನೆಲ್ಲ ಹೊತ್ಕೊಂಡು ತಿರುಗಿದಾರೆ. ಬ್ರೇಕ್ ಹೋಗಿದ್ದು ಯಾರ ಕತ್ತಲ್ಲಿ ಸ್ವಾಮಿ?”

“ನಿಮಗೆ ಇದೆಲ್ಲ ಅರ್ಥ ಆಗಲ್ಲ. ಎರಡು ದಿನದಲ್ಲಿ ಉತ್ತರ ಕೊಡಿ. ಕೊಡದಿದ್ರೆ ಒಪ್ಪಿದ ಹಾಗೆ.”

ಇವರು ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡರು. ತಮಗೇ ಗೊತ್ತಿಲ್ಲದ್ದನ್ನು ಮುಚ್ಚಿಟ್ಟರಂತೆ. ಕಣ್ಣು ತುಂಬಿತು. ಕೈ ಹೋದರೂ ತಡೆದಾರು, ಸುಳ್ಳುಗಾರ ಎನ್ನಿಸಿಕೊಂಡು ಇವರು ಬದುಕಲಾರರು.

ತಾರೀಖು 14, ಬೆಳಿಗ್ಗೆ 10

ಉತ್ತರ ಬರೆದೆ. ಮೂರು ಹಾಳೆ ಹರಿದೆ, ನಾಲ್ಕನೆಯದು ನಿಂತಿತು. ಬ್ರೇಕಿನ ವಿಷಯ, ಆಸ್ಪತ್ರೆ ಬೇಡವೆಂದು ಅವನು ತಡೆದದ್ದು, ನಾನು ತಲೆಯಾಡಿಸಿದ್ದು — ನನ್ನ ತಪ್ಪನ್ನೂ ಬಿಟ್ಟಿಲ್ಲ. ಇವರಿಗೆ ಓದಿ ಹೇಳಿದೆ. ಎಡಗೈ ಚಾಚಿ ಪೆನ್ನು ಕೇಳಿದರು. ಸಹಿ ಕೋಳಿ ಕೆದರಿದ ಹಾಗಿದೆ. ಇರಲಿ, ಇವರದೇ.

ಆಫೀಸಿಗೆ ತಂದುಕೊಡಿ ಎಂದು ಸೆಂಟು ಸಾಹೇಬನ ಫೋನು. ಇವರನ್ನು ಬಿಟ್ಟು ನಾನೇಕೆ ಹೋಗಲಿ? ನಾದಿನಿಗೆ ಹೇಳಿದ್ದೇನೆ, “ಫೋನ್ ಮಾಡು ಅವನಿಗೆ. ಉತ್ತರ ರೆಡಿ ಇದೆ. ಅವನೇ ಬಂದು ನಿಮ್ಮಣ್ಣನ ಕೈಯಿಂದಲೇ ತಗೊಂಡು ಹೋಗ್ಲಿ.” ಕಾಗದ ಹಿಡಿದು ಇವರು ಬಾಗಿಲು ನೋಡುತ್ತಿದ್ದಾರೆ. ಬೇಗ ಬಂದರೆ ಒಳ್ಳೆಯದು, ಕೈ ಸೋಲುವ ಮೊದಲು…