ಅಪ್ಪನ ನಾಡಿದಿಂಬು

ಲಿಂಗ್‌ಕೌ ಪೇಟೆ
ಮೂರನೆಯ ತಿಂಗಳ ಬಿದಿಗೆ, 1988

ಪ್ರೀತಿಯ ತಮ್ಮ ರುಯ್‌ಶೆಂಗನಿಗೆ, ಅಕ್ಕ ಬಾವ್‌ಝು ಹರಸಿ ಬರೆಯುವ ಕಾಗದ.

ಹೇಗಿದ್ದೀಯಪ್ಪ? ಹೊಟ್ಟೆ ನೆಟ್ಟಗಿದೆಯೇ? ಮನಿಲಾದಲ್ಲಿ ವರ್ಷವಿಡೀ ಸೆಕೆ, ಊಟದ ಜೊತೆಗೇ ಐಸ್ ಹಾಕಿದ ನೀರು ಕುಡಿಯುತ್ತಾರೆ ಅಂತ ಜವಳಿ ಅಂಗಡಿಯ ಕ್ವೋ ಅವರು ಹೇಳಿದರು. ನೀನು ಮಾತ್ರ ಕುಡಿಯಬೇಡ ಕಣೋ. ನಿನ್ನದು ಹುಟ್ಟಿದಾಗಿನಿಂದ ತಣ್ಣನೆಯ ಹೊಟ್ಟೆ. ಉಂಡ ಮೇಲೆ ಬಿಸಿನೀರು ಕುಡಿ, ಒಂದು ಚೂರು ಶುಂಠಿ ಜಜ್ಜಿ ಹಾಕಿಕೋ. ನಿನ್ನ ಬೀಗದ ಅಂಗಡಿ ಚೆನ್ನಾಗಿ ನಡೆಯಲಿ ಅಂತ ಹುಣ್ಣಿಮೆ ಅಮಾವಾಸ್ಯೆಗೆ ತಪ್ಪದೆ ವೈದ್ಯದೇವರ ಗುಡಿಯಲ್ಲಿ ನಿನ್ನ ಹೆಸರಿಗೆ ಊದುಬತ್ತಿ ಹಚ್ಚುತ್ತಿದ್ದೇನೆ. ಈ ಸಲ ಅಮ್ಮನ ಸಮಾಧಿ ಗುಡಿಸುವುದಕ್ಕೆ ನಾವು ಮೂವರೇ ಹೋಗಿದ್ದೆವು. ಹುಲ್ಲು ಸೊಂಟದೆತ್ತರ ಬೆಳೆದಿತ್ತು. ನಿನ್ನ ಪಾಲಿನದನ್ನು ನಾನೇ ಕಿತ್ತೆ. ನಿನ್ನ ಹೆಂಡತಿಯೂ ಕಿತ್ತಳು, ಇಲ್ಲ ಅನ್ನುವುದಿಲ್ಲ.

ಅಪ್ಪ ಉಣ್ಣುತ್ತಾರೆ, ಮಲಗುತ್ತಾರೆ, ಬೈಯುತ್ತಾರೆ. ಆದರೆ ಈ ಚಳಿಗಾಲ ಕಳೆದ ಮೇಲೆ ಅವರ ಬಲಗೈ ಬೆರಳು ನಡುಗುತ್ತವೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ರೋಗಿಯ ನಾಡಿ ಯಾವುದು, ತಮ್ಮ ನಡುಕ ಯಾವುದು ಅಂತ ತಿಳಿಯುವುದಿಲ್ಲವಂತೆ. ಅವರೇ ನಗುನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ, ಯಾಕೆಂದರೆ ಮುಂದೆ ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಹಾಗೇ ಆಯಿತು. ಬರುವ ಹುಣ್ಣಿಮೆ ವೈದ್ಯದೇವರ ಹುಟ್ಟುಹಬ್ಬವಲ್ಲವೇ, ಅವತ್ತು ದೇವರ ಮುಂದೆ ತಮ್ಮ ನಾಡಿದಿಂಬನ್ನು ನಿನ್ನ ಹೆಂಡತಿಯ ಕೈಗೆ ಕೊಟ್ಟು, ತಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸುತ್ತಾರಂತೆ. ಮುತ್ತಜ್ಜನ ಕಾಲದ ದಿಂಬು ಅದು. ನಾಡಿ ತೋರಿಸಲು ಊರವರೆಲ್ಲ ಕೈ ಇಟ್ಟು ಇಟ್ಟು ನಡುವೆ ತಗ್ಗಾಗಿರುವ ದಿಂಬು. ಅದಕ್ಕೆ ಹೊಸ ಕೆಂಪು ಗಲೀಫು ಹೊಲಿಯುವ ಕೆಲಸ ಯಾರ ಪಾಲಿಗೆ ಬಂತು ಗೊತ್ತೇ? ನನ್ನ ಪಾಲಿಗೆ. ಒಂದು ಸಾಲು ಹೊಲಿಯುತ್ತೇನೆ, ಬಿಚ್ಚುತ್ತೇನೆ. ಸೂಜಿ ಮೊಂಡಾಗಿದೆ ಅಂತ ಅಪ್ಪನಿಗೆ ಹೇಳಿದ್ದೇನೆ.

ನಮ್ಮ ಮನೆತನದ ಕಟ್ಟಳೆ ನಿನಗೆ ಗೊತ್ತೇ ಇದೆ. ಮಗಳಿಗೆ ವಿದ್ಯೆ ಕೊಟ್ಟರೆ ಅದು ಅವಳ ಹಿಂದೆಯೇ ಗಂಡನ ಮನೆಗೆ ಹೋಗುತ್ತದೆ, ಸೊಸೆಗೆ ಕೊಟ್ಟರೆ ಇಲ್ಲೇ ಉಳಿಯುತ್ತದೆ. ಚಿಕ್ಕವಳಿದ್ದಾಗ ಆ ದಿಂಬಿನ ಮೇಲೆ ಬೊಂಬೆ ಮಲಗಿಸಿದ್ದಕ್ಕೆ ಅಜ್ಜಿ ನನ್ನ ಬೆರಳ ಗಂಟಿನ ಮೇಲೆ ಹೊಡೆದಿದ್ದಳು. ಸರಿ, ನಾನು ಹೊಳೆಯಾಚೆ ಮದುವೆಯಾಗಿ ಹೋದೆ. ಮಕ್ಕಳಾಗಲಿಲ್ಲ. ಗಂಡನನ್ನು ಮಣ್ಣು ಮಾಡಿ ಅದೇ ದೋಣಿಯಲ್ಲಿ ವಾಪಸು ಬಂದೆ. ವಿದ್ಯೆ ಕಟ್ಟಿಕೊಂಡು ಹೋಗಲು ನನಗೆ ಇನ್ನು ಯಾವ ಮನೆ ಇದೆ ಹೇಳು? ಕಟ್ಟಳೆಗೆ ಅದು ಗೊತ್ತಾಗುವುದಿಲ್ಲ. ಬೇರು ಕೊಚ್ಚಬಹುದು, ಒಣಗಿಸಬಹುದು, ತೂಗಿ ಪೊಟ್ಟಣ ಕಟ್ಟಬಹುದು. ದಿಂಬು ಮಾತ್ರ ಮುಟ್ಟಕೂಡದು. ನೀನು ಮಗ, ನಿನಗೆ ಬರಬೇಕಾಗಿದ್ದ ವಿದ್ಯೆ. ನೀನೋ, ಅಪ್ಪ ಪಾಠಕ್ಕೆ ಕೂರಿಸಿದರೆ ಎದ್ದು ಹೊಳೆಗೆ ಓಡುತ್ತಿದ್ದೆ. ಅಷ್ಟಿಷ್ಟು ಕಲಿತದ್ದನ್ನೂ ಬಿಟ್ಟು ಮದುವೆಯಾದ ವರ್ಷವೇ ಹಡಗು ಹತ್ತಿದೆ. ನಿನ್ನ ಪಾಲು ಅವಳ ಬಾಯಿಗೆ ಬಿತ್ತು.

ಅವಳು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾಳೆ. ನಾನು ಔಷಧದ ಗೂಡುಗಳ ಮುಂದೆ, ತಕ್ಕಡಿ ಹಿಡಿದು. ಅಲ್ಲಿಂದ ಎಲ್ಲ ಕೇಳಿಸುತ್ತದೆ. ಅಪ್ಪ ಅವಳನ್ನು "ಮಗಳೇ" ಅಂತ ಕರೆಯುತ್ತಾರೆ. ನನ್ನನ್ನು ಬಾವ್‌ಝು ಅಂತ. ಅವಳು ಒಂದು ಸರಿಯುತ್ತರ ಕೊಟ್ಟರೆ "ಹ್ಞೂಂ, ಚೆನ್ನಾಗಿದೆ" ಅನ್ನುತ್ತಾರೆ. ಅಪ್ಪನ ಬಾಯಲ್ಲಿ ಚೆನ್ನಾಗಿದೆ ಅನ್ನುವ ಮಾತು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ನೋಡು. ಮೊನ್ನೆ ಇಬ್ಬರು ಕೆಮ್ಮಿನವರು ಬಂದಿದ್ದರು. ಒಬ್ಬನಿಗೆ ಕಫ ನೀರಿನ ಹಾಗೆ, ಬಿಸಿಯದೇ ಕುಡಿಯಬೇಕು ಅನ್ನಿಸುತ್ತದೆ, ಬೆನ್ನು ಚಳಿ. ಇನ್ನೊಬ್ಬನಿಗೆ ಕಫ ಹಳದಿ, ಅಂಟು, ಗಂಟಲು ಉರಿ, ತಣ್ಣೀರು ಬೇಕು. ಒಬ್ಬನಿಗೆ ಬೆಚ್ಚಗೆ ಮಾಡುವ ಮದ್ದು, ಇನ್ನೊಬ್ಬನಿಗೆ ತಂಪು ಮಾಡುವ ಮದ್ದು. ಅಪ್ಪ ಹೇಳಿದರು: "ರೋಗದ ಹೆಸರಿನ ಹಿಂದೆ ಹೋಗಬೇಡ ಮಗಳೇ. ರೋಗ ಯಾವ ಜಾಡು ಹಿಡಿದು ಬಂದಿದೆ ನೋಡು. ಒಂದೇ ರೋಗಕ್ಕೆ ಎರಡು ಜಾಡು ಇರುತ್ತದೆ. ಒಂದೊಂದು ಸಲ ಎರಡು ರೋಗಕ್ಕೆ ಒಂದೇ ಜಾಡು, ಆಗ ಇಬ್ಬರಿಗೂ ಒಂದೇ ಮದ್ದು." ಮೊದಲನೆಯದು ನನಗೂ ಗೊತ್ತು, ದಿನಾ ತೂಗುವವಳು ನಾನೇ ಅಲ್ಲವೇ. ಎರಡನೆಯದು ನನ್ನ ತಲೆಗೆ ಹತ್ತಲಿಲ್ಲ. ಕಾಲು ನೋವಿನವನಿಗೂ ತಲೆ ನೋವಿನವನಿಗೂ ಒಂದೇ ಪೊಟ್ಟಣವೇ? ಅವಳು ಮಾತ್ರ ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದಳು.

ಊರ ಮುದುಕಿಯರಿಗೆ ಅವಳೆಂದರೆ ಸಕ್ಕರೆ. ಬೆವರುತ್ತದೆಯೇ ಅಜ್ಜಿ, ಬಾಯಿ ಕಹಿಯೇ, ಕನಸು ಬೀಳುತ್ತದೆಯೇ ಅಂತ ಮೆಲ್ಲಗೆ ಕೇಳುತ್ತಾಳೆ. ಅವರು ಕನಸು ಹೇಳಲು ಶುರುಮಾಡಿದರೆ ಒಲೆ ಆರಿ ತಣ್ಣಗಾದರೂ ಇವಳು ಏಳುವುದಿಲ್ಲ. "ನಿಮ್ಮ ಮನೆ ಸೊಸೆಯ ಕೈ ಎಷ್ಟು ಬೆಚ್ಚಗಿದೆ!" ಅಂತ ನನಗೇ ಬಂದು ಹೇಳುತ್ತಾರೆ. ನನ್ನ ಕೈಯೂ ಬೆಚ್ಚಗೇ ಇದೆ. ಯಾರು ಹಿಡಿದು ನೋಡಿದ್ದಾರೆ?

ಈಗ ಕೇಳು, ದೋಣಿಯ ಚಾಯ್ ಮುದುಕನ ಕಥೆ. ಹೋದ ವಾರ ಜ್ವರ ಅಂತ ಬಂದ. ಅಪ್ಪ ಹಿತ್ತಲಲ್ಲಿದ್ದರು. ನಿನ್ನ ಹೆಂಡತಿ ನಾಲಿಗೆ ಚಾಚಿಸಿದಳು. ನಾಲಿಗೆ ಮೇಲೆ ಕಪ್ಪು ಲೇಪ! ಅವಳ ಮುಖ ಬಿಳಿಚಿಹೋಯಿತು. ಜ್ವರ ಒಳಗಿಳಿದು ಸುಡುತ್ತಿದ್ದರೆ ಹಾಗಾಗುತ್ತದೆಯಂತೆ. ಹೊಟ್ಟೆ ಕಿತ್ತು ಹರಿಯುವಂಥ ಕಡು ತಂಪಿನ ಮದ್ದು ಬರೆದು ನನ್ನ ಕೈಗೆ ಕೊಟ್ಟಳು. ತೂಗಲು ಹೋದವಳು ಚಾಯ್‌ನ ಕಡೆ ನೋಡಿದೆ. ಅವನು ದವಡೆಯಲ್ಲಿ ಏನೋ ಹೊರಳಿಸುತ್ತಿದ್ದ. "ಬಾಯಲ್ಲೇನಿದೆಯೋ ಚಾಯ್?" ಅಂದೆ. "ಉಪ್ಪಿನ ಆಲಿವ್ ಕಾಯಿ ಕಣಕ್ಕ. ಬಾಯಿ ಸಪ್ಪೆ ಅಂತ ಬೆಳಿಗ್ಗೆಯಿಂದ ಚೀಪ್ತಾ ಇದೀನಿ" ಅಂದ. ಒದ್ದೆ ಬಟ್ಟೆಯಿಂದ ನಾಲಿಗೆ ಒರೆಸು ಅಂದೆ. ಕಪ್ಪೆಲ್ಲ ಬಟ್ಟೆಗೆ ಬಂತು, ಕೆಳಗೆ ತೆಳು ಬಿಳಿ ಲೇಪ, ಬರೀ ಮಳೆಗೆ ನೆನೆದು ಬಂದ ಜ್ವರ. ತಮ್ಮಾ, ಆ ಗಳಿಗೆಯಲ್ಲಿ ನನಗೆ ಎಷ್ಟು ಸುಖವಾಯಿತು ಅಂತ ದೇವರ ಮುಂದೆಯೂ ಮುಚ್ಚಿಡುವುದಿಲ್ಲ. ಅಂಗಡಿಯ ತುಂಬ ಜನ. ಅವಳು ಕೂಗಾಡುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳೇನು ಮಾಡಿದಳು? ಎದ್ದು ನಿಂತು ಎಲ್ಲರೆದುರು ನನಗೆ ಬಾಗಿ, "ಅಕ್ಕಾ, ನೀವಿಲ್ಲದಿದ್ದರೆ ಇವತ್ತು ಈ ತಾತನನ್ನ ನಾನು ಕೊಂದೇಬಿಡ್ತಿದ್ದೆ" ಅಂದಳು. ಅಪ್ಪ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. "ತಪ್ಪು ಒಪ್ಪಿಕೊಳ್ಳೋರ ಕೈಗೇ ದಿಂಬು ಕೊಡಬೇಕು" ಅಂದರು. ನೋಡಿದೆಯಾ? ಕಂಡುಹಿಡಿದವಳು ನಾನು, ಹೆಸರು ಅವಳಿಗೆ. ಚಾಯ್ ಮುದುಕ ಕೂಡ ಅವಳಿಗೇ ಕೈ ಮುಗಿದು ಹೋದ, ನನಗೆ ಆಲಿವ್ ಬೀಜ ಕೊಟ್ಟು ಹೋದ, ಬಿಸಾಕು ಅಂತ.

ಅದಕ್ಕಿಂತ ಹೆಚ್ಚಿನದು ಇನ್ನೂ ಹೇಳಿಲ್ಲ. ಮಾರನೆಯ ದಿನ ತೋಫು ಮಾಡುವ ಚಿಂಗ್‌ಹುವಾ ಚಿಕ್ಕಮ್ಮ ಅಂಗಡಿಯಲ್ಲಿ ಕೂತಿರುವಾಗ ನಿನ್ನ ಹೆಂಡತಿ ನನ್ನ ಹತ್ತಿರ ಬಂದು, "ಅಕ್ಕಾ, ಗಂಟಲಲ್ಲಿ ಏನಾದ್ರೂ ಸಿಕ್ಕೊಂಡ ಹಾಗೆ ಇದೆಯಾ? ನುಂಗಿದ್ರೆ ಇಳಿಯಲ್ಲ, ಕೆಮ್ಮಿದ್ರೆ ಬರಲ್ಲ?" ಅಂದಳು. ಇದೆ. ಪ್ಲಮ್ ಹಣ್ಣಿನ ಓಟೆ ಕೂತ ಹಾಗೆ, ಹೊಸ ವರ್ಷದಿಂದ ಇದೆ. ನಾನು ಯಾರಿಗೂ ಹೇಳಿರಲಿಲ್ಲ. "ತೂಗುವಾಗ ನೀವು ಮಾತುಮಾತಿಗೂ ನಿಟ್ಟುಸಿರು ಬಿಡ್ತೀರಿ. ಎಡಪಕ್ಕೆ ಒತ್ಕೋತೀರಿ. ಯಕೃತ್ತಿನ ವಾಯು ಹರೀದೆ ಕಟ್ಟಿಕೊಂಡಿದೆ ಅಕ್ಕಾ" ಅಂದಳು. ಆ ಜಾಡು ಎಲ್ಲಿಂದ ಬರುತ್ತದೆ ಅಂತ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ಬಾಯಿಬಿಡದೆ ನುಂಗಿಕೊಂಡ ಸಿಟ್ಟಿನಿಂದ. ಚಿಂಗ್‌ಹುವಾ ಚಿಕ್ಕಮ್ಮನಿಗೆ ಇಷ್ಟು ಸಾಕಾಯಿತು. "ಅಯ್ಯೋ ಬಾವ್‌ಝು, ನಿನಗ್ಯಾರ ಮೇಲೆ ಸಿಟ್ಟೇ? ಸತ್ತ ಗಂಡನ ಮೇಲೋ, ಇರೋ ನಾದಿನಿ ಮೇಲೋ?" ಅಂತ ತೋಫುವಿನ ಹಾಗೆ ಮೈಯೆಲ್ಲ ಕುಲುಕಿಸಿ ನಕ್ಕಳು. ನಿನ್ನ ಹೆಂಡತಿ ನಾಡಿ ನೋಡಲು ಕೈ ಚಾಚಿದಳು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಆದರೂ ಮದ್ದು ಬರೆದಳು. ನನ್ನ ಮದ್ದನ್ನು ನಾನೇ ತೂಗಬೇಕಾಯಿತು. ಬಿಳಿ ಬೇರು, ಜ್ಯೇಷ್ಠಮಧು, ಸುಟ್ಟ ಶುಂಠಿ, ಕೊನೆಯಲ್ಲಿ ಹಾಕುವ ಒಣ ಪುದೀನ. ಪೊಟ್ಟಣ ಕಟ್ಟಿ ಅಡುಗೆಮನೆಯ ಕಪಾಟಿನ ಮೇಲೆ ಎಸೆದೆ. ಅಲ್ಲೇ ಬಿದ್ದಿದೆ, ಬಿದ್ದಿರಲಿ. ಅವಳ ಮದ್ದಿನಿಂದ ನನ್ನ ಗಂಟಲು ಬಿಟ್ಟಿತು ಅಂತ ಊರೆಲ್ಲ ಹಾಡುವುದು ಬೇಡ.

ನಿನ್ನೆ ಗುಡಿಗೆ ಹೋಗಿ ದೇವರನ್ನೇ ಕೇಳಿದೆ. "ತಂದೆ, ಆ ಕುರ್ಚಿ ಅವಳಿಗೆ ಸಲ್ಲುತ್ತದೆಯೇ?" ಅಂತ ಮೊಣಕಾಲೂರಿ, ದೇವರ ಉತ್ತರ ಹೇಳುವ ಆ ಎರಡು ಅರ್ಧಚಂದ್ರದ ಮರದ ತುಂಡುಗಳನ್ನು ಎಸೆದೆ. ಎರಡೂ ಅಂಗಾತ ಬಿದ್ದವು. ಹೌದೂ ಅಲ್ಲ, ಇಲ್ಲವೂ ಅಲ್ಲ, ದೇವರು ನಗುತ್ತಿದ್ದಾನೆ ಅಂತ. ಮತ್ತೆ ಎಸೆದೆ. ಮತ್ತೆ ನಗು. ಪೂಜಾರಿ ಮುದುಕ, "ಪ್ರಶ್ನೆ ಸರಿ ಇಲ್ಲ ಕಣಮ್ಮ, ಬೇರೆ ಕೇಳು" ಅಂದ. ಬೇರೆ ಏನು ಕೇಳಲಿ? ಎದ್ದು ಬಂದೆ.

ಅದಕ್ಕೆ ತಮ್ಮಾ, ನಾನು ಯೋಚಿಸಿ ಬರೆಯುತ್ತಿದ್ದೇನೆ. ನೀನು ನಿನ್ನ ಹೆಂಡತಿಯನ್ನು ಮನಿಲಾಕ್ಕೆ ಕರೆಸಿಕೋ. ಹುಣ್ಣಿಮೆಗೆ ಮೊದಲೇ ಅಪ್ಪನಿಗೆ ಸುದ್ದಿ ಕಳಿಸು, ನನಗೆ ಇಲ್ಲಿ ಒಬ್ಬನೇ ಇರಲಾಗುವುದಿಲ್ಲ, ಅವಳನ್ನು ಕಳಿಸಿ ಅಂತ. ಗಂಡ ಕರೆದರೆ ಅಪ್ಪ ತಡೆಯುವುದಿಲ್ಲ. ಹೆಂಡತಿ ಗಂಡನ ಹತ್ತಿರ ಇರಬೇಕಾದದ್ದೇ, ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ. ಅವಳು ಹೋದರೆ ದಿಂಬು ಯಾರಿಗೆ ಹೋಗುತ್ತದೆ ಅಂತ ನಾನು ಯೋಚಿಸಿಲ್ಲ. ದೇವರು ನೋಡಿಕೊಳ್ಳುತ್ತಾನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಕ್ವೋ ಅವರು ಶಿಯಾಮೆನ್‌ಗೆ ಹೋಗಿ ಅಲ್ಲಿಂದ ಮನಿಲಾಕ್ಕೆ ಬರುತ್ತಾರೆ. ಈ ಕಾಗದ ಅವರ ಕೈಯಲ್ಲೇ ಕೊಡುತ್ತೇನೆ.

ತಣ್ಣೀರು ಕುಡಿಯಬೇಡ. ವೈದ್ಯದೇವರು ನಿನ್ನನ್ನು ಕಾಯಲಿ.

ಇತಿ, ನಿನ್ನ ಅಕ್ಕ
ಕೆ ಬಾವ್‌ಝು

ತಾಜಾ ಕಲಂ: ಬೆಳಗಾಯಿತು, ಕ್ವೋ ಅವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸಲು ಅನ್ನದ ಗಂಜಿ ಬೇಕು ಅಂತ ಈಗ ಅಡುಗೆಮನೆಗೆ ಹೋದರೆ ಪುದೀನದ ವಾಸನೆ. ನಿನ್ನ ಹೆಂಡತಿ ಒಲೆಯ ಮುಂದೆ ಬಟ್ಟಲು ಎತ್ತಿ ಕುಡಿಯುತ್ತಿದ್ದಾಳೆ. "ನನ್ನ ಮದ್ದು ನೀನ್ಯಾಕೆ ಕುಡೀತೀಯೇ?" ಅಂತ ಗದರಿದೆ. "ನಿಮ್ಮದು ಕಪಾಟಲ್ಲೇ ಇದೆ ಅಕ್ಕಾ. ಇದು ನಂದು, ಮಾವ ಬರೆದುಕೊಟ್ಟದ್ದು" ಅಂದಳು. ನನಗೆ ತಿಳಿಯಬಾರದು ಅಂತ ನಾನು ಗುಡಿಗೆ ಹೋದಾಗಲೆಲ್ಲ ತಾನೇ ತೂಗಿಕೊಳ್ಳುತ್ತಿದ್ದಳಂತೆ. ತಳದ ಗಸಿ ನೋಡಿದೆ. ಅದೇ ಬಿಳಿ ಬೇರು, ಅದೇ ಜ್ಯೇಷ್ಠಮಧು, ಅದೇ ಶುಂಠಿ. ಅವಳಿಗೆ ಗಂಟಲಲ್ಲಿ ಏನೂ ಇಲ್ಲ. ಮುಟ್ಟು ನಿಂತು ನಿಂತು ಬರುತ್ತದೆಯಂತೆ, ಎದೆ ಬಿಗಿಯುತ್ತದೆಯಂತೆ, ನಿದ್ದೆಯಿಲ್ಲವಂತೆ. ಬೇರೆ ರೋಗ, ನನ್ನದೇ ಜಾಡು. "ನಿನಗ್ಯಾರ ಮೇಲೆ ಸಿಟ್ಟು?" ಅಂದೆ. ಅವಳು "ನೋಡಿ" ಅಂತ ಒರೆಸುವ ಬಟ್ಟೆ ಮಡಿಸಿ ಅದರ ಮೇಲೆ ಕೈಯಿಟ್ಟಳು. ನನ್ನ ಮೂರು ಬೆರಳು ಹಿಡಿದು ಎಲ್ಲಿಡಬೇಕೋ ಅಲ್ಲಿ ಇಟ್ಟಳು. ಬಿಲ್ಲಿಗೆ ಹೆದೆ ಬಿಗಿದ ಹಾಗೆ ಇತ್ತು ತಮ್ಮಾ. ಆಮೇಲೆ ನನ್ನ ಕೈಯನ್ನೂ ನಾನೇ ನೋಡಿಕೊಂಡೆ. ಹಾಗೇ ಇತ್ತು.

ದಿಂಬು ಅವಳಿಗೆ ಹೋಗುವುದಕ್ಕೆ ಇವತ್ತೂ ನನಗೆ ಹೊಟ್ಟೆಯುರಿ, ಅದು ಹೋಗಿಲ್ಲ. ಆದರೆ ಮೇಲೆ ಬರೆದದ್ದನ್ನು ಬಿಡು. ಶುಯಿಲಿಯನ್‌ಳನ್ನು ಕರೆಸಿಕೊಳ್ಳಬೇಡ. ನೀನೇ ಬಾ. ಹುಣ್ಣಿಮೆಗೆ ಆಗದಿದ್ದರೆ ಆಮೇಲಾದರೂ ಬಾ, ಬಂದು ಅವಳ ಕೈ ಹಿಡಿದು ನೋಡು. ಅಪ್ಪ ನಿನಗೆ ಕಲಿಸಿದ್ದು ಅಷ್ಟಾದರೂ ನೆನಪಿರಬೇಕು. ಪುದೀನದಿಂದ ಹೋಗುವಂಥದ್ದಲ್ಲ ಅದು. ನಾನು ನಾಡಿ ಮುಟ್ಟಿದ್ದನ್ನು ಅಪ್ಪನಿಗೆ ಬರೆಯಬೇಡ. ಕ್ವೋ ಅವರು ಬಸ್ಸು ತಪ್ಪುತ್ತದೆ ಅಂತ ಕೂಗುತ್ತಿದ್ದಾರೆ. ಒಳಗಿನಿಂದ ಶುಯಿಲಿಯನ್ ಕೂಗುತ್ತಿದ್ದಾಳೆ, "ಅಕ್ಕಾ, ನಿಮ್ಮದು ಕುದೀತಾ ಇದೆ, ಪುದೀನ ಹಾಕೋ ಹೊತ್ತಾಯ್ತು" ಅಂತ.