ಕಿಟಕಿಯ ಕೆಳಗಿನ ತೂತುಗಳು

ನಮ್ಮ ಮನೆಯವರಿಗೆ,

ಹೀಗೆಯೇ ಶುರು ಮಾಡುತ್ತೇನೆ. ನಿಮ್ಮ ಹೆಸರು ಬರೆಯಲು ಈಗಲೂ ಕೈ ಬರುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಆ ದಿನ ಕೇಳಿದಾಗ ಮಾತ್ರ ಬಾಯಿಬಿಟ್ಟು ಹೇಳಿದ್ದೆ. ಅಲ್ಲಿಯವರೆಗೆ ನಮ್ಮ ಸಂಸಾರವೆಲ್ಲ ಒಂದು 'ರೀ'ಯಲ್ಲೇ ನಡೆದಿತ್ತಲ್ಲ. ಇವತ್ತು ಬರೆಯಲು ಕುಳಿತದ್ದು ಗಾಡಿಯ ವಿಷಯಕ್ಕೆ. ಸೋರುತ್ತದೋ ಇಲ್ಲವೋ ಎಂಬುದು ತಿಳಿಯದೆಯೇ ನೀವು ಹೊರಟುಬಿಟ್ಟಿರಿ. ಮಳೆ ಬರಲಿ, ನೋಡೋಣ ಎಂದು ನನ್ನನ್ನು ಕಾಯಲು ಕೂರಿಸಿ ನೀವು ಮಾತ್ರ... ಹೋಗಲಿ ಬಿಡಿ. ಉತ್ತರ ಸಿಕ್ಕಿದೆ. ಅದು ಮೊದಲು ನಿಮಗೇ ತಿಳಿಯಬೇಕಾದದ್ದು, ಅದಕ್ಕೆ ಈ ಕಾಗದ.

ಗಾಡಿ ಬಂದ ದಿನ ನೆನಪಿದೆಯೇ? ಇಲ್ಲಿ ಕುವೈತಿನಲ್ಲಿ, ಸಾಲ್ಮಿಯಾದ ನಮ್ಮ ಬಿಲ್ಡಿಂಗಿನ ಕೆಳಗೆ, ಒಂದು ಲಾರಿಗೆ ಕಟ್ಟಿ ಎಳೆದು ತಂದು ನಿಲ್ಲಿಸಿದ್ದಿರಿ. ಒಳಗೆ ಮಲಗಲು ಹಾಸಿಗೆ, ಚಹಾ ಕಾಸಲು ಪುಟ್ಟ ಒಲೆ, ಪಟ್ಟಿ ಪಟ್ಟಿಯಾಗಿ ತೆರೆದುಕೊಳ್ಳುವ ಗಾಜಿನ ಕಿಟಕಿಗಳು ಇದ್ದ, ನಮ್ಮ ಮದುವೆಗಿಂತ ಹಳೆಯದಾದ ಜರ್ಮನ್ ಕ್ಯಾಂಪರ್ ವ್ಯಾನು. ನಿಮ್ಮ ಜೊತೆಯವರೆಲ್ಲ ಹುಬ್ಬಳ್ಳಿಯಲ್ಲಿ ಪ್ಲಾಟು ಹಿಡಿಯುತ್ತಿದ್ದರು. ಊರಿಗೆಲ್ಲ ಒಂದು ದಾರಿಯಾದರೆ ನಿಮಗೇ ಒಂದು ದಾರಿ. "ತಲಿ ನೆಟ್ಟಗದನೋ ಇಲ್ಲೋ ನಿಮ್ದು? ಇದ್ರಾಗ ಯಾರು ಕೂಡೋರು?" ಎಂದಿದ್ದೆ. ನೀವು ಬಾಗಿಲು ತೆರೆದು, ಅದು ಅರ್ಧಕ್ಕೇ ಸಿಕ್ಕಿಕೊಂಡು, ಭುಜ ಕೊಟ್ಟು ನೂಕುತ್ತಾ, "ಕೂಡೂದಲ್ಲ ಸುಮಾ, ಮಲಗೂದು. ಮರಳಾಗ ಹೋಗಿ ಚುಕ್ಕಿ ನೋಡ್ಕೋತ ಮಲಗೂದು" ಎಂದಿರಿ. ನನಗೆ ನಗು ತಡೆಯಲಾಗಲಿಲ್ಲ. ಮಗಳು ಸ್ನೇಹಾ ಬಾಲ್ಕನಿಯಿಂದ ನೋಡಿ ಒಳಗೆ ಹೋಗಿ ಕರ್ಟನ್ ಎಳೆದುಕೊಂಡಿದ್ದಳು, ಗೆಳತಿಯರು ಕಂಡಾರು ಎಂದು.

ಗ್ಯಾರೇಜುಗಳ ಸಬ್ಹಾನಿನ ಆ ರಜೆಯ ಶುಕ್ರವಾರಗಳನ್ನು ನಾನು ಹೊಟ್ಟೆಕಿಚ್ಚಿನಿಂದ ನೆನೆಯುತ್ತೇನೆ. ಗಾಡಿಗಳ ಸೀಟು ಹೊಲಿಯುವ ಅಶ್ರಫ್ ಭಾಯಿಯ ಅಂಗಡಿ, ಅದರ ಹಿಂದಿನ ಅಂಗಳದಲ್ಲಿ ನಿಮ್ಮ ಗಾಡಿ. ಆತ ಬಂಟ್ವಾಳದ ಕಡೆಯ ಬ್ಯಾರಿ, ನೀವು ಗದುಗಿನವರು. ಇಬ್ಬರ ಕನ್ನಡ ಇಬ್ಬರಿಗೂ ಅರ್ಧ ಅರ್ಧ ತಿಳಿಯುತ್ತಿತ್ತು, ಆದರೂ ಬೆಳಗಿನಿಂದ ಸಂಜೆಯವರೆಗೆ ಅದೇನು ಮಾತು. ಮೊದಲ ದಿನ ತುಕ್ಕು ಹಿಡಿದ ನೆಲವನ್ನು ಬೆರಳಿನಿಂದ ಒತ್ತಿ, ಬೆರಳು ಆಚೆ ಹೋದಾಗ ಆತ ಕೇಳಿದ್ದರಂತೆ, "ಪಾಟೀಲ್ ಭಾಯಿ, ನೀವು ತಂದದ್ದು ಗಾಡಿಯಾ, ಜರಡಿಯಾ?" ಅದನ್ನು ಮನೆಗೆ ಬಂದು ಹೇಳಿ ನೀವೇ ನಕ್ಕಿದ್ದಿರಿ. ಅಲ್ಲಿಂದ ನೆಲ ಹೊಸದಾಯಿತು, ಇಂಜಿನ್ನು ಉಸಿರಾಡಿತು, ಮೈಗೆ ಮಜ್ಜಿಗೆಯ ಬಣ್ಣ ಬಂತು. ಎಲ್ಲ ಮುಗಿದ ದಿನ ಅಶ್ರಫ್ ಭಾಯಿ ಸೀಟಿನ ಮೇಲಿನ ಕೊನೆಯ ದಾರ ಕತ್ತರಿಸಿ "ಖಲಾಸ್" ಎಂದರಂತೆ. ಖಲಾಸ್ ಎಲ್ಲಿಯದು?

ಮೊದಲ ಸಲ ಮರಳಿಗೆ ಹೋದದ್ದು ಮಾರ್ಚಿನಲ್ಲಿ. ಹೋಗುವಾಗ ನೀಲಿ ಆಕಾಶವಿತ್ತು, ಚಹಾ ಕುದಿಯುವ ಹೊತ್ತಿಗೆ ಕಂದು ಗೋಡೆ ಎದ್ದಂತೆ ಧೂಳಿನ ಗಾಳಿ ಬಂತು. ಕಿಟಕಿ ಮುಚ್ಚಿದರೂ ಧೂಳು ಎಲ್ಲಿಂದಲೋ ನುಗ್ಗಿ ಹಾಸಿಗೆಯ ಮೇಲೆ ಹಿಟ್ಟು ಜರಡಿಯಾಡಿದಂತೆ ಬಿತ್ತು. ನನ್ನ ಉಬ್ಬಸ ನಿಮಗೆ ಗೊತ್ತೇ ಇದೆ. ಆ ದಿನ ಮಾತ್ರ ನನಗೂ ಹೆದರಿಕೆಯಾಗಿತ್ತು. ನೀವು ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ನನ್ನ ಬೆನ್ನು ಸವರುತ್ತಾ ಊರು ಮುಟ್ಟಿಸಿದಿರಿ. ಆಮೇಲೆ ಒಂದು ತಿಂಗಳು ನನ್ನನ್ನು ಗಾಡಿಯ ಹತ್ತಿರ ಬಿಡಲಿಲ್ಲ. ಬಿಟ್ಟ ದಿನ, "ಈಗ ಬೆರಳಾಡ್ಸಿ ನೋಡು, ಧೂಳ ಸಿಕ್ರ ನನ್ನ ಕೇಳು" ಎಂದಿರಿ. ಸಿಗಲಿಲ್ಲ. ಹೇಗೆ ಮಾಡಿದಿರಿ ಎಂದು ನಾನೂ ಕೇಳಲಿಲ್ಲ.

ಆ ವರ್ಷದ ಮೊದಲ ಮಳೆ ಡಿಸೆಂಬರಿನಲ್ಲಿ ಬಂತು. ಕುವೈತಿನ ಮಳೆಯ ಗತ್ತು ನಿಮಗೆ ಹೇಳಬೇಕೇ? ಎಂಟು ತಿಂಗಳು ಮುಖ ತೋರಿಸುವುದಿಲ್ಲ. ಬಂದರೆ ಗಾಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಓರೆಯಾಗಿ ಬಂದು ಕಪಾಳಕ್ಕೆ ಹೊಡೆಯುತ್ತದೆ. ನೀವು ಹಬ್ಬದ ಹಾಗೆ ನನ್ನನ್ನು ಗಾಡಿಯಲ್ಲಿ ಹೊರಡಿಸಿದಿರಿ. ಅರ್ಧ ಗಂಟೆಯಲ್ಲಿ ಕಿಟಕಿಯ ಕೆಳಗಿನ ಪ್ಲೈವುಡ್ಡಿನಿಂದ ನೀರು ಇಳಿಯತೊಡಗಿತು, ಹಾಸಿಗೆ ಹೀರಿಕೊಂಡಿತು. ಮರುದಿನ ಅಂಗಳದಲ್ಲಿ ಪೈಪು ಹಿಡಿದು ಮೇಲಿನಿಂದ ನೀರು ಬಿಟ್ಟು ನೋಡಿದಿರಿ. ಒಂದು ಹನಿಯೂ ಇಲ್ಲ. ಪೈಪಿಗೆ ಸೋರದ್ದು ಮಳೆಗೆ ಹೇಗೆ ಸೋರುತ್ತದೆ? ಅದೇ ಪ್ರಶ್ನೆ ಹಿಡಿದು ನೀವು ಊಟದ ತಟ್ಟೆಯ ಮುಂದೆಯೂ ಕೂತಿರುತ್ತಿದ್ದಿರಿ, ರೊಟ್ಟಿ ಆರಿ ಹಪ್ಪಳವಾಗುವವರೆಗೆ.

ನಿಮ್ಮ ಕೆಲಸವೇ ಹಾಗಿತ್ತಲ್ಲ. ಸಮುದ್ರದ ನೀರು ಕಾಯಿಸಿ ಸಿಹಿ ಮಾಡುವ ಪ್ಲಾಂಟಿನಲ್ಲಿ ಹಬೆಯ ಪೈಪುಗಳ ಸೋರಿಕೆ ಹುಡುಕುವವರು ನೀವು. "ಸೋರ್ತದ ಅಂದ್ರ ತೂತು ಅದ. ತೂತು ಅದ ಅಂದ್ರ ಮುಚ್ಚಬೇಕು. ಇಷ್ಟ ನೋಡು ವಿದ್ಯಾ" ಎನ್ನುತ್ತಿದ್ದಿರಿ. ಕಿಟಕಿಯ ರಬ್ಬರು ಬದಲಾಯಿತು. ಇಲ್ಲಿಯ ಬಿಸಿಲಿಗೆ ರಬ್ಬರು ಬಾಳಕದ ಮೆಣಸಿನಕಾಯಿಯ ಹಾಗೆ ಒಣಗಿ ಸೀಳುತ್ತದೆ, ತಪ್ಪು ಅದರದೇ ಎಂದುಕೊಂಡಿರಿ. ಮರುವರ್ಷ ಮತ್ತೆ ಸೋರಿತು. ಮೇಲಕ್ಕೆತ್ತುವ ಚಾವಣಿಯ ಅಂಚಿಗೆ ಸೀಲಂಟು ಬಿತ್ತು, ಮಳೆನೀರಿನ ದೋಣಿಯ ಬೆಸುಗೆಗೆ ಬಿತ್ತು. ಮನೆಯಲ್ಲಿ ಎಲ್ಲಿ ಮುಟ್ಟಿದರೂ ಅಂಟು. ಒಮ್ಮೆ ನಿಮ್ಮ ಕೂದಲಲ್ಲಿ ಮೆತ್ತಿದ್ದನ್ನು ಕತ್ತರಿಯಿಂದ ತೆಗೆದು, ನೆತ್ತಿಯ ಮೇಲೆ ರೂಪಾಯಿಯಗಲ ಬೋಳು ಮಾಡಿದ್ದೆ. ಆಗ ಎಷ್ಟು ಬೈದಿದ್ದೆ ನಿಮ್ಮನ್ನು. ಈಗ ಬೈಯಲಿಕ್ಕಾದರೂ ಯಾರಿದ್ದಾರೆ?

ಕೊನೆಯ ಬೇಸಿಗೆಯಲ್ಲಿ ರಬ್ಬರು, ಸೀಲಂಟು ಎಲ್ಲವನ್ನೂ ಕಿತ್ತು ಹೊಸದಾಗಿ ಕೂರಿಸಿದಿರಿ. ಅಕ್ಟೋಬರಿನ ಆ ಬೆಳಿಗ್ಗೆ ಶಿಫ್ಟಿಗೆ ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ, "ಈ ಸಲ ಸೋರೂದಿಲ್ಲ. ಮಳಿ ಒಂದು ಬರ್ಲಿ, ತೋರಸ್ತೀನಿ" ಎಂದಿರಿ. ನಾನು ಟಿಫಿನ್ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ, ಹ್ಞೂಂ ಎಂದೆ. ಮಧ್ಯಾಹ್ನ ಖೈತಾನಿನ ಸ್ಕೂಲಿನಲ್ಲಿ ಏಳನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದಾಗ ಪ್ರಿನ್ಸಿಪಾಲರೇ ಬಾಗಿಲಿಗೆ ಬಂದರು. ಎದೆನೋವು, ಪ್ಲಾಂಟಿನಲ್ಲೇ ಕುಸಿದರಂತೆ... ಮುಂದಿನದು ನಿಮಗೇಕೆ ಹೇಳಲಿ.

ನಿಮ್ಮನ್ನು ಊರಲ್ಲಿ ಮಣ್ಣು ಮಾಡಿ ನಾವಿಬ್ಬರೂ ತಿರುಗಿ ಬಂದಾಗ ಎಲ್ಲರೂ ಅಚ್ಚರಿಪಟ್ಟರು. ಇಲ್ಲಿರಲು ನನ್ನ ಇಕಾಮಾ ಪರವಾನಗಿ ಸ್ಕೂಲಿನದು, ಸ್ನೇಹಾಳ ಕಾಲೇಜೂ ಇಲ್ಲೇ. ಅದು ಹೇಳಿಕೊಳ್ಳಲು ಒಳ್ಳೆಯ ಕಾರಣವಾಗಿತ್ತು. ಗಾಡಿ ಕೊಳ್ಳುತ್ತೇವೆಂದು ಕೇಳಿಕೊಂಡು ಬಂದವರೂ ಇದ್ದರು. "ಅಮ್ಮಾ, ಜಸ್ಟ್ ಸೆಲ್ ಇಟ್. ಐ ಕಾಂಟ್ ಈವನ್ ಲುಕ್ ಅಟ್ ಇಟ್" ಎಂದಳು ಮಗಳು. "ಮಳಿ ಬರ್ಲಿ ತಡಿ" ಎಂದೆ. ನನಗೇ ಗೊತ್ತಾಗದೆ ನಿಮ್ಮ ಮಾತು ನನ್ನ ಬಾಯಿಗೆ ಬಂದಿತ್ತು. ಸೋರುವುದಿಲ್ಲ ಎಂದು ನನ್ನ ಕಣ್ಣಾರೆ ಕಾಣಬೇಕು, ಆಮೇಲೆ ಯಾರಿಗೆ ಬೇಕಾದರೂ ಕೊಡೋಣ ಎಂದಿತ್ತು ನನಗೆ. ನೀವು ಕೊನೆಯದಾಗಿ ಹೇಳಿದ ಮಾತು ಸುಳ್ಳಾಗಬಾರದು, ಅಷ್ಟೇ. ನವೆಂಬರ್ ಇಡೀ ಆಕಾಶ ನೋಡಿದೆ. ಮಳೆಗಾಗಿ ಇಷ್ಟು ಕಾದದ್ದು ಊರಲ್ಲಿ ಬಿತ್ತನೆಯ ಕಾಲಕ್ಕೂ ಇಲ್ಲ.

ಬಂತು ರೀ ಮಳೆ, ಡಿಸೆಂಬರಿನಲ್ಲಿ. ಸೋರಿತು. ಅದೇ ಕಿಟಕಿ, ಅದೇ ಪ್ಲೈವುಡ್ಡು, ಅದೇ ಜಾಗ. ಅಶ್ರಫ್ ಭಾಯಿಯ ಅಂಗಳದಲ್ಲಿ, ಗಾಡಿಯ ಒದ್ದೆ ಹಾಸಿಗೆಯ ಮೇಲೆಯೇ ಕುಳಿತು ಅತ್ತೆ. ಊರಲ್ಲಿ ಹೆಣದ ಮುಂದೆ ಹೆಂಗಸರೆಲ್ಲ ಅಳು ಅಳು ಎಂದಾಗಲೂ ಬಾರದ ಅಳು ಅಲ್ಲಿ ಬಂತು. ಸಿಟ್ಟೂ ಬಂತು. ಇಷ್ಟೆಲ್ಲ ಮಾಡಿ ಒಂದು ಸೋರಿಕೆ ನಿಲ್ಲಿಸಲು ಆಗಲಿಲ್ಲವೇ ನಿಮಗೆ? ನಿಲ್ಲಿಸಲಾಗದಿದ್ದರೆ ಇದ್ದು ಇನ್ನೊಂದು ಸಲ ನೋಡಬೇಕಾಗಿತ್ತು, ನಡುವೆ ಬಿಟ್ಟು ಹೋಗುವುದೆಂದರೆ... ಅಶ್ರಫ್ ಭಾಯಿ ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದರು. ಒಂದು ಟವೆಲು ಒಳಗೆ ಚಾಚಿ ಅಂಗಡಿಗೆ ಹೋದರು.

ಆ ಟವೆಲಿನಿಂದ ಕಿಟಕಿ ಒರೆಸುವಾಗಲೇ ಕಂಡದ್ದು. ಗಾಜಿನ ಪಟ್ಟಿಗಳ ಕೆಳಗೆ, ಚೌಕಟ್ಟಿನಲ್ಲಿ ಸಣ್ಣ ಕಾಲುವೆಯಂಥದ್ದಿದೆಯಲ್ಲ, ಅದರ ತುಂಬ ನೀರು ನಿಂತಿತ್ತು. ಅಂಚು ಮೀರಿದ್ದು ಒಳಗೆ ಇಳಿಯುತ್ತಿತ್ತು. ಒರೆಸಿದೆ, ಮತ್ತೆ ತುಂಬಿತು. ಆ ಕಾಲುವೆಯ ಹೊರಗಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಸೀಳುಗಳು ಸಾಲಾಗಿದ್ದವು, ಎಲ್ಲ ಮುಚ್ಚಿದ್ದವು. ಸೆರಗಿನ ಪಿನ್ನು ತೆಗೆದು ಒಂದನ್ನು ಚುಚ್ಚಿ ಎಳೆದೆ. ಅಂಟು ಮೆತ್ತಿದ ಬಟ್ಟೆಯ ಸುರುಳಿ ಬಂತು. ಬಿಚ್ಚಿದರೆ ಹಸಿರು. ನನ್ನ ಹಳೆಯ ಹತ್ತಿ ಸೀರೆ ರೀ, ಬಾಣಂತನದಲ್ಲಿ ಉಡುತ್ತಿದ್ದ ಮೆತ್ತನೆಯದು, ಎಲ್ಲಿ ಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ್ದೆ. ಎಳೆದ ಆ ಒಂದು ಸೀಳಿನಿಂದ ನೀರು ತಾನಾಗಿ ಹೊರಗೆ ಹರಿಯಿತು.

ಅಶ್ರಫ್ ಭಾಯಿಯನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. "ಅಯ್ಯೋ ಟೀಚರೇ. ಇದು ನೀರು ಹೋಗ್ಲಿಕ್ಕೆ ಬಿಟ್ಟ ತೂತು ಮಾರಾಯ್ರೆ. ಪಟ್ಟಿ ಗಾಜಲ್ಲವಾ, ಗಾಳಿ ಮಳೆಗೆ ಸ್ವಲ್ಪ ಒಳಗೆ ಬಂದೇ ಬರ್ತದೆ. ಬಂದದ್ದು ಇದರಲ್ಲಿ ಹೊರಗೆ ಹೋಗ್ಬೇಕು. ನಾವು ಎಲ್ಲ ಬಂದ್ ಮಾಡಿದ್ದೇವೆ." "ಯಾಕ್ ಮಾಡಿದ್ರಿ?" ಎಂದೆ. "ಧೂಳಿಗೆ. ಆ ಮಾರ್ಚಿನಲ್ಲಿ. ಸುರುಳಿ ಮಾಡಿ ಕೊಟ್ಟದ್ದು ನಾನೇ, ತುಂಬಿಸಿದ್ದು ಅವರು. ಇವಳ ದಮ್ಮಿಗೆ ಒಂದು ಕಣ ಒಳಗೆ ಬರಬಾರದು ಅಶ್ರಫ್ ಅಂತ ಹೇಳಿದ್ರು. ಮತ್ತೆ ಮಳೆ ಬಂದದ್ದು ಯಾವಾಗ? ಅಷ್ಟೊತ್ತಿಗೆ ನಮಗೆ ಇಬ್ಬರಿಗೂ ಇದು ಮರೆತೇ ಹೋಗಿತ್ತು." ಮುಚ್ಚಿದ್ದು ಮಾರ್ಚಿನ ಧೂಳಿಗೆ, ಸೋರಿದ್ದು ಡಿಸೆಂಬರಿನ ಮಳೆಗೆ. ಈ ದೇಶದಲ್ಲಲ್ಲದೆ ಇಂಥ ತಪ್ಪು ಇನ್ನೆಲ್ಲಿ ನಡೆದೀತು ಹೇಳಿ? ಹಬೆಯ ಪೈಪಿನಲ್ಲಿ ಬೇಕೆಂದೇ ಬಿಟ್ಟ ತೂತು ಇರುವುದಿಲ್ಲವಲ್ಲ, ನಿಮಗೆ ಹೊಳೆಯಲೇ ಇಲ್ಲ. ನಿಮ್ಮ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಮಿಕ್ಕ ಸುರುಳಿಗಳನ್ನು ಕೀಳಲು ನನ್ನ ಕೈ ಎರಡು ವಾರ ಏಳಲಿಲ್ಲ. ನಿಮ್ಮ ಹೆಬ್ಬೆರಳು ಒತ್ತಿದ ಗುರುತು ಆ ಅಂಟಿನ ಮೇಲೆ ಹಾಗೇ ಉಳಿದಿತ್ತು. ನನಗೋಸ್ಕರ ತುಂಬಿಸಿದ್ದನ್ನು ನಾನೇ ಕಿತ್ತು ಹಾಕಬೇಕೇ? ಹಾಗೇ ಬಿಡೋಣ, ಸೋರಿದರೆ ಸೋರಲಿ ಎಂದೂ ಅನಿಸಿತು. ಆದರೆ ಬಿಟ್ಟರೆ ಪ್ಲೈವುಡ್ಡು ಕೊಳೆಯುತ್ತದೆ, ಅದರ ಹಿಂದಿನ ತಗಡಿಗೆ ತುಕ್ಕು ಹಿಡಿಯುತ್ತದೆ, ನಿಮ್ಮ ಇಷ್ಟು ವರ್ಷದ ದುಡಿಮೆ ಮತ್ತೆ ಜರಡಿಯಾಗುತ್ತದೆ. ಸ್ನೇಹಾ ತಾನಾಗಿ ನನ್ನ ಜೊತೆ ಬಂದಳು. ಆ ಕಡೆಯ ಕಿಟಕಿ ಅವಳು, ಈ ಕಡೆಯದು ನಾನು. ಪಿನ್ನಿನಿಂದ ಒಂದೊಂದಾಗಿ ಕಿತ್ತೆವು. ಒಂದು ಸುರುಳಿಯನ್ನು ಅವಳು ಮೂಗಿನ ಹತ್ತಿರ ಹಿಡಿದು ನೋಡಿ, "ಇಟ್ ಓನ್ಲಿ ಸ್ಮೆಲ್ಸ್ ಆಫ್ ಗ್ಲೂ" ಎಂದಳು. ಹೌದು, ಸೀರೆಯ ವಾಸನೆಯೂ ಇರಲಿಲ್ಲ, ನಿಮ್ಮದೂ ಇರಲಿಲ್ಲ. ಎಲ್ಲವನ್ನೂ ಅಲ್ಲಿಯ ಕಸದ ಡಬ್ಬಿಗೆ ಹಾಕಿ ಬಂದೆವು. ಇನ್ನು ಧೂಳು ಬರುತ್ತದೆ, ಗೊತ್ತು. ಎರಡನ್ನೂ ತಡೆಯುವುದು ಆ ಕಿಟಕಿಯ ಕೈಲಿ ಆಗದ ಕೆಲಸ. ಮಾರುವ ಮಾತನ್ನು ಮಗಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಮೊನ್ನೆ ಶುಕ್ರವಾರ ಮಧ್ಯಾಹ್ನ ಮತ್ತೆ ಮಳೆ ಬಂತು. ಗಾಳಿ ಹೇಗಿತ್ತೆಂದರೆ ಸಬ್ಹಾನಿನ ತಗಡುಗಳೆಲ್ಲ ಬಡಿದುಕೊಳ್ಳುತ್ತಿದ್ದವು. ನಾನು ಗಾಡಿಯೊಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಹೊರಗೆ ಅಂಗಡಿಯ ಮಾಡಿನ ಕೆಳಗಿಂದ ಸ್ನೇಹಾ ಕೂಗುತ್ತಿದ್ದಳು, ನೀರು ತೂತುಗಳಿಂದ ಇಳಿಯುತ್ತಿದೆ ಎಂದು. ನಾನು ಪ್ಲೈವುಡ್ಡಿನ ಮೇಲೆ ಕೈಯಿಟ್ಟು ಕುಳಿತೆ. ಮಳೆ ಜೋರಾಯಿತು, ಇನ್ನೂ ಜೋರಾಯಿತು. ಕೈಗೆ ಏನೂ ತಾಗಲಿಲ್ಲ. ಕೊನೆಗೆ ಕಾಲು ಚಾಚಿ ಮಲಗಿದೆ, ಅಭ್ಯಾಸದಂತೆ ಒಳಬದಿಗೆ. ಸೋರುವ ಕಡೆ ಯಾವಾಗಲೂ ನೀವೇ ಮಲಗುತ್ತಿದ್ದಿರಿ. ಕೇಳಿದರೆ, ನನಗ ಸೆಕಿ ಆಗ್ತದ, ಥಣ್ಣಗಿರ್ಲಿ ಬಿಡು ಎನ್ನುತ್ತಿದ್ದಿರಿ. ಮಲಗಿದಲ್ಲಿಂದಲೇ ಕೈ ಚಾಚಿ ಆ ಕಡೆಯನ್ನೆಲ್ಲ ತಡಕಿದೆ. ದಿಂಬು, ಹೊದಿಕೆ, ಮೂಲೆಯವರೆಗೆ. ಸೋರಲಿಲ್ಲ ರೀ. ನಿಮ್ಮ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ಈಗ ನೀವು ಅಲ್ಲಿ ಮಲಗಬಹುದಿತ್ತು.