ಫಳಫಳ ಹೊಳೆಯುವ ತೂಕದ ಬಟ್ಟುಗಳು

ಅಪ್ಪಾ,

ನಿಮ್ಮ ಔಷಧಿ ಅಂಗಡಿಯ ನೂರಮೂವತ್ತು ವರ್ಷದ ತಕ್ಕಡಿಯನ್ನು ಇವತ್ತು ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಬಂದೆ. ಮಗಳು ಈಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ. ಹಳೆಯ ವಿಷದ ಪುಡಿ ಏನಾದರೂ ಅಂಟಿದ್ದರೆ ಎಂಬ ಭಯಕ್ಕೆ, ನಿದ್ದೆಗೆಟ್ಟ ತಲೆಯಲ್ಲಿ, ಹೋದ ವಾರವೇ ಹಿತ್ತಾಳೆಯ ಬಟ್ಟುಗಳನ್ನೆಲ್ಲ ಒರಟು ಉಪ್ಪುಕಾಗದ ಹಾಕಿ ತಿಕ್ಕಿದ್ದೆ.

ಅಲ್ಲಿನ ಅಧಿಕಾರಿ ಒಂದು ಬಟ್ಟನ್ನು ತೂಗಿ ನೋಡಿ ನಕ್ಕರು. "ಸವೆದೇ ಹೋಗಿದ್ಯಲ್ಲಮ್ಮ. ಇದ್ರಲ್ಲಿ ತೂಗಿದ ಔಷಧಿ ಕುಡಿದೋರು ಬದುಕಿದ್ದೇ ಪುಣ್ಯ. ಯಾರು ಹೀಗೆ ತಿಕ್ಕಿದ್ದು?"

"ಅಪ್ಪ," ಎಂದುಬಿಟ್ಟೆ.

ಬೆರಳಿನ ಬೆವರು ತಾಗಿದರೂ ತೂಕ ಕೆಡುತ್ತದೆಂದು, ಒಂದೊಂದನ್ನೂ ಚಿಮಟದಲ್ಲೇ ಎತ್ತುತ್ತಿದ್ದವರು ನೀವು.

ಅವರು ಚೀಟಿ ಬರೆದು ತಕ್ಕಡಿಗೆ ಅಂಟಿಸಿದರು: 'ತೂಕ ನಂಬುವಂತಿಲ್ಲ.' ಅದರ ಕೆಳಗೆ ನಿಮ್ಮ ಹೆಸರು. "ಸರಿಯಾಗಿದ್ಯಾ, ನೋಡಮ್ಮ," ಎಂದರು.

ಸರಿಯಾಗಿದೆ ಎಂದೆ.